ಅತ್ತೆ ಕೇಳಿದ್ದು ಒಲೆಯೊಂದನ್ನೇ

ಪ್ರಶ್ನೆ: ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ನಾನು, ಗಂಡ, ಹದಿಮೂರು ವರ್ಷದ ಮಗಳು, ಏಳು ವರ್ಷದ ಮಗ. ಸಾಗರದ ಕಡೆಯ ಹಳ್ಳಿಯಿಂದ ಅತ್ತೆ, ಮಾವ ಬಂದು ಎರಡು ತಿಂಗಳಾಯಿತು. ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಈಗ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ಸೇರಿ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೋಗುವುದೆಂದು ಬುಕ್ ಮಾಡಿದ್ದೇವೆ. ಸಮುದ್ರದ ದಡದಲ್ಲೇ ಇರುವ ಆಲ್ ಇನ್‌ಕ್ಲೂಸಿವ್ ರೆಸಾರ್ಟ್. ರೂಮು, ಮೂರು ಹೊತ್ತಿನ ಊಟ, ತಿಂಡಿ, ಡ್ರಿಂಕ್ಸ್ ಎಲ್ಲವೂ ಮೊದಲೇ ಕಟ್ಟಿದ ದುಡ್ಡಿನಲ್ಲಿ ಬರುತ್ತದೆ. ನಾಲ್ಕು ರಾತ್ರಿಗೆ, ಆರು ಜನಕ್ಕೆ, ವಿಮಾನವೂ ಸೇರಿ ಏಳು ಸಾವಿರ ಡಾಲರ್ ದಾಟಿತು. ಮಾವ ಎಲ್ಲವನ್ನೂ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ನೋಡುತ್ತಾರೆ. ಅದಕ್ಕೇ ನನ್ನ ಗಂಡ "ಕಂಪನಿಯವರೇ ಕೊಡ್ತಿದಾರೆ ಅಪ್ಪ" ಎಂದುಬಿಟ್ಟಿದ್ದಾರೆ.

ಹೊರಡುವ ದಿನ ಹತ್ತಿರ ಬಂದಹಾಗೆ ನನಗೆ ನಿದ್ದೆ ಬರುತ್ತಿಲ್ಲ. ಅತ್ತೆ, ಮಾವ ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಲ್ಲಿ ಏನು ತಿನ್ನುತ್ತಾರೆ? ನಾನು ಈಜುಡುಗೆ ತಗೊಂಡಿದ್ದೇನೆ, ಮಾವನ ಎದುರು ಹಾಕಿಕೊಳ್ಳುವುದು ಹೇಗೆ? ಮಗಳಿಗೆ ಅಜ್ಜಿ ಸೀರೆಯಲ್ಲಿ ಬೀಚಿಗೆ ಬರುತ್ತಾರೆಂದು ಈಗಲೇ ನಾಚಿಕೆ. ಇವರು ಕುಡಿಯುವುದು ಮಾವನಿಗೆ ಗೊತ್ತಿಲ್ಲ. ಮನೆಯಲ್ಲಾದರೆ ವಾರಕ್ಕೊಂದು ಸಲ, ಅಲ್ಲಿ ಎಷ್ಟು ಕುಡಿದರೂ ಅದೇ ದುಡ್ಡು, ಅಲ್ಲಿ ಹೋದರೆ ಇವರನ್ನು ಹಿಡಿಯುವವರಿಲ್ಲ. ಅತ್ತೆಯಂತೂ ಏನೂ ಹೇಳುವುದಿಲ್ಲ. ರೂಮಿನಲ್ಲಿ ಒಲೆ ಇರುತ್ತದಾ ಎಂದು ಒಂದು ಸಲ ಕೇಳಿದರು, ಅಷ್ಟೇ. ಮಾವ "ಆ ಮಾಯಾ ಜನರ ದೇವಸ್ಥಾನ ಅಲ್ಲೇ ಎಲ್ಲೋ ಇರಬೇಕಲ್ಲ" ಎಂದರು. ಇವರು "ದೂರ ಅಪ್ಪ, ನಿಮ್ಮ ಮಂಡಿಗೆ ಆಗಲ್ಲ" ಎಂದು ಮಾತು ಮುಗಿಸಿದರು. ಇಷ್ಟೆಲ್ಲ ಅವರಿಗೋಸ್ಕರ ಮಾಡುತ್ತಿದ್ದೇವೆ. ಅವರು ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ರೂಮಿನಲ್ಲಿ ಕೂತರೆ ನನ್ನಿಂದ ತಡೆದುಕೊಳ್ಳಲಾಗದು. ಕ್ಯಾನ್ಸಲ್ ಮಾಡಿಬಿಡಲೇ?

ಹೆಸರು ಬೇಡ, ಟೆಕ್ಸಸ್

ಉತ್ತರ: ಕ್ಯಾನ್ಸಲ್ ಮಾಡಬೇಡಿ. ಆದರೆ ಹೊರಡುವ ಮೊದಲು ನಿಮ್ಮ ಪತ್ರದಲ್ಲಿರುವ ಒಂದು ಮಾತನ್ನು ತೆಗೆದುಹಾಕಿ: "ಅವರಿಗೋಸ್ಕರ". ಅತ್ತೆ ಸಮುದ್ರ ಬೇಕೆಂದು ಕೇಳಿದ ಹಾಗಿಲ್ಲ, ಮಾವ ರೆಸಾರ್ಟ್ ಬೇಕೆಂದದ್ದೂ ಕಾಣಲಿಲ್ಲ. ಜಾಗ ಆರಿಸಿದವರು ನೀವು, ದಿನ ಗೊತ್ತುಮಾಡಿದವರು ನೀವು. ಕಾರಣವೂ ನನಗೆ ಕಾಣುತ್ತದೆ. ಎರಡು ತಿಂಗಳಿಂದ ಮನೆ, ಆಫೀಸು, ಮಕ್ಕಳ ಶಾಲೆಯ ಜೊತೆಗೆ ಇಬ್ಬರು ಹಿರಿಯರ ಊಟ ತಿಂಡಿ, ಮಾತ್ರೆ, ಬೇಸರ ಎಲ್ಲವನ್ನೂ ನೋಡಿಕೊಂಡು ಬಂದಿದ್ದೀರಿ. ಯಾರೋ ಮಾಡಿದ್ದನ್ನು ನಾಲ್ಕು ದಿನ ಕೂತು ಉಣ್ಣಬೇಕು ಅನ್ನಿಸಿದೆ. ಅನ್ನಿಸಲೇಬೇಕು, ಅದರಲ್ಲಿ ತಪ್ಪೇನಿದೆ? ಅದನ್ನು ಅವರ ಹೆಸರಿಗೆ ಬರೆದಾಗ ಮಾತ್ರ ತೊಂದರೆ ಶುರುವಾಗುತ್ತದೆ. ಆಮೇಲೆ ಮಾವ ತಟ್ಟೆಯಲ್ಲಿ ಬಿಟ್ಟ ಒಂದೊಂದು ತುತ್ತೂ ನಿಮಗೆ ಕೃತಘ್ನತೆಯಾಗಿ ಕಾಣುತ್ತದೆ. ಅತ್ತೆ ಮಧ್ಯಾಹ್ನ ಮಲಗಿದರೆ ದುಡ್ಡು ಹಾಳಾದಂತೆ ಅನ್ನಿಸುತ್ತದೆ. ಪಾಪ, ಅವರು ಮಲಗಿರುತ್ತಾರೆ, ಅಷ್ಟೇ.

ಇವತ್ತೇ ಅತ್ತೆಯ ಹತ್ತಿರ ಹೇಳಿ: "ಅತ್ತೆ, ನನಗೆ ಸಾಕಾಗಿದೆ, ನಾಲ್ಕು ದಿನ ಎಲ್ಲಾದರೂ ಹೋಗಿ ಕೂತು ಬರೋಣ ಅನ್ನಿಸಿದೆ, ನೀವೂ ಬನ್ನಿ." ಇದು ಅವರಿಗೆ ಥಟ್ಟನೆ ಅರ್ಥವಾಗುವ ಮಾತು. ತೋಟದ ಮನೆಯಲ್ಲಿ ಬಂದವರಿಗೆಲ್ಲ ಬಡಿಸಿ ಸವೆದ ಹೆಂಗಸಿಗೆ ಸಾಕಾಗುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಆಲ್ ಇನ್‌ಕ್ಲೂಸಿವ್ ಎಂಬ ಏರ್ಪಾಡಿನ ಸ್ವಭಾವವೂ ನಿಮ್ಮ ಚಿಂತೆಯಲ್ಲಿ ಸ್ವಲ್ಪ ಪಾಲು ಪಡೆದಿದೆ. ಈ ಬಗೆಯ ರಜೆಯನ್ನು ಜನಪ್ರಿಯ ಮಾಡಿದ್ದು ಕ್ಲಬ್ ಮೆಡ್ ಎಂಬ ಸಂಸ್ಥೆ. ಜೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಂನವರು 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಅದನ್ನು ಆರಂಭಿಸಿದರು. ಊಟ ಒಟ್ಟು ದುಡ್ಡಿನಲ್ಲೇ ಬರುತ್ತಿತ್ತು. ಮುಂದೆ ಪಾನೀಯಕ್ಕೆ ಕೂಡ ನೋಟಿನ ಬದಲು ಕೊರಳಲ್ಲಿ ಹಾಕಿಕೊಂಡ ಮಣಿಗಳನ್ನೇ ಬಿಚ್ಚಿ ಕೊಡುವ ರೂಢಿ ಬಂತು. ರಜೆಯಲ್ಲಿ ಪರ್ಸು ಕಣ್ಣಿಗೆ ಬೀಳಬಾರದು ಎಂಬುದು ಅದರ ಹಿಂದಿನ ಯೋಚನೆ. ಈಗ ಮಣಿಯ ಜಾಗಕ್ಕೆ ಮಣಿಕಟ್ಟಿನ ಬಣ್ಣದ ಪಟ್ಟಿ ಬಂದಿದೆ. ಪರ್ಸೇನೋ ಮರೆಯಾಗುತ್ತದೆ, ಆದರೆ ನಮ್ಮಂಥವರ ತಲೆಯೊಳಗಿನ ಲೆಕ್ಕದ ಪುಸ್ತಕ ಇನ್ನಷ್ಟು ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಕೊಟ್ಟಾಗಿದೆ, ವಸೂಲಿಯಾಗಬೇಕು. ನಿಮ್ಮ ಯಜಮಾನರು ಅದನ್ನು ಗ್ಲಾಸಿನಲ್ಲಿ ವಸೂಲಿ ಮಾಡಲು ನೋಡುತ್ತಾರೆ, ನೀವು ಅತ್ತೆ ಮಾವನ ಮುಖದ ನಗುವಿನಲ್ಲಿ.

ನಾನೂ ಮಗಳ ಸಂಸಾರದ ಜೊತೆ ಅಂಥದ್ದೊಂದು ಜಾಗದಲ್ಲಿ ಇದ್ದು ಬಂದಿದ್ದೇನೆ. ಬಫೆ ಸಾಲಿನಲ್ಲಿ ನಿಮ್ಮ ಹಾಗಿನ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಪಂಕ್ತಿಯ ಎಲೆ ಎಲೆ ನೋಡುತ್ತಾ ಓಡಾಡುವ ಹಾಗೆ, ತಮ್ಮ ತಟ್ಟೆಯಲ್ಲಿದ್ದದ್ದು ಆರುತ್ತಿದ್ದರೂ ಉಳಿದವರ ತಟ್ಟೆ ನೋಡುತ್ತಾ ನಿಂತಿರುತ್ತಾರೆ. ಆ ಊಟ ನೀವು ಬೇಯಿಸಿದ್ದಲ್ಲ. ಅದು ರುಚಿಯಿಲ್ಲದಿದ್ದರೆ ಅಡುಗೆಯವರ ತಲೆನೋವು.

ಇನ್ನು ದುಡ್ಡಿನ ಸುಳ್ಳು. ಇದನ್ನು ಹೊರಡುವ ಮೊದಲೇ ಸರಿಮಾಡಿ, ಅದೂ ನಿಮ್ಮ ಯಜಮಾನರ ಬಾಯಿಂದಲೇ. ಏಳು ವರ್ಷದ ಹುಡುಗ ಜೊತೆಯಲ್ಲಿರುವಾಗ ಇಂಥ ಗುಟ್ಟು ವಿಮಾನ ಹತ್ತುವತನಕವೂ ಉಳಿಯುವುದಿಲ್ಲ, ಅದು ಬೇರೆ ಮಾತು. ನಿಜವಾದ ಕಾರಣ ಇನ್ನೊಂದಿದೆ. ಲೆಕ್ಕವನ್ನೇ ಬದುಕು ಮಾಡಿಕೊಂಡಿದ್ದ ಮನುಷ್ಯನಿಂದ ಲೆಕ್ಕ ಮುಚ್ಚಿಡುವುದು ಅವರನ್ನು ಮಗುವಿನ ಸಾಲಿಗೆ ಸೇರಿಸಿದ ಹಾಗೆ. ಅಂಕಿ ಕೇಳಿದರೆ ಮಾವನಿಗೆ ನೋವಾಗುತ್ತದೆ ಎಂದು ನೀವಿಬ್ಬರೂ ಹೆದರಿದ್ದೀರಿ. ಅಂಕಿಗಿಂತ ಹೆಚ್ಚಾಗಿ, ಮಗ ತನ್ನಿಂದ ಅಂಕಿ ಬಚ್ಚಿಟ್ಟ ಎಂಬುದು ಅವರನ್ನು ಚುಚ್ಚುತ್ತದೆ.

ಹೇಗೆ ಹೇಳುವುದೆಂದರೆ ನೇರವಾಗಿ, ಚಿಕ್ಕದಾಗಿ. "ಅಪ್ಪ, ಕಂಪನಿ ಕೊಟ್ಟಿದ್ದಲ್ಲ, ನಾವೇ ಕಟ್ಟಿದ್ದು. ಇಷ್ಟಾಯ್ತು. ನೀವು ಬೇಜಾರು ಮಾಡ್ಕೋತೀರಿ ಅಂತ ಹಾಗಂದೆ." ಇಷ್ಟು ಹೇಳಿ ಸುಮ್ಮನಾಗಲಿ. ಸಮರ್ಥನೆ ಬೇಡ, "ಇಲ್ಲಿ ಎಲ್ಲರೂ ಹೋಗ್ತಾರೆ" ಎಂಬ ವಿವರಣೆಯಂತೂ ಬೇಡವೇ ಬೇಡ. ಮಾವ ಗುಣಿಸುತ್ತಾರೆ, ಗುಣಿಸಲಿ. ಒಂದು ಸಂಜೆ ಮುಖ ಗಂಟು ಹಾಕಿಕೊಂಡಿರಬಹುದು. ಆ ದುಡ್ಡಿನಲ್ಲಿ ತೋಟಕ್ಕೆ ಏನೇನು ಮಾಡಿಸಬಹುದಿತ್ತೆಂದು ಅತ್ತೆಗೆ ಪಟ್ಟಿ ಒಪ್ಪಿಸಬಹುದು. ಮರುದಿನ "ಅರ್ಧ ನಾನು ಕೊಡ್ತೀನಿ" ಎಂದರೆ ನಗಬೇಡಿ, ಬೇಡವೆಂದೂ ಅನ್ನಬೇಡಿ. ಅವರು ಕೊಡಬಹುದಾದ ಒಂದು ಖರ್ಚು ನನ್ನ ಮನಸ್ಸಿನಲ್ಲಿದೆ, ಈಗ ಹೇಳುತ್ತೇನೆ.

ಮಾಯಾ ದೇವಸ್ಥಾನದ ಬಗ್ಗೆ ಮಾವ ಕೇಳಿದ್ದನ್ನು ನೀವು ಪತ್ರದಲ್ಲಿ ಮಾತಿನ ನಡುವೆ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಆಸೆ ಹುಟ್ಟಿಸಿದ ಮಾತು ಅದು. ನಮ್ಮ ಹಿರಿಯರು ಧರ್ಮಸ್ಥಳ, ಹೊರನಾಡು, ಶೃಂಗೇರಿ ಎಂದು ಹೊರಟಾಗ ನೋಡುವುದೊಂದು ಇರುತ್ತದೆ, ನೋಡಿ ವಾಪಸು ಬರುತ್ತಾರೆ. ಬರೀ ಸುಮ್ಮನೆ ಇರುವುದಕ್ಕೆಂದು ವಿಮಾನ ಹತ್ತುವುದು ಅವರ ಪ್ರಯಾಣದ ಕಲ್ಪನೆಯಲ್ಲೇ ಇಲ್ಲ. ಕ್ಯಾನ್‌ಕೂನ್‌ನ ಹೋಟೆಲುಗಳಿರುವ ದಡದಲ್ಲಿ ಹುಡುಕಿದರೂ ಹಳೆಯ ಊರು ಸಿಗುವುದಿಲ್ಲ. ಒಂದು ಕಡೆ ಕೆರಿಬಿಯನ್ ಸಮುದ್ರ, ಇನ್ನೊಂದು ಕಡೆ ನಿಚುಪ್ತೆ ಎಂಬ ಹಿನ್ನೀರು, ನಡುವೆ ಉದ್ದನೆಯ ಮರಳು ದಿಬ್ಬ. ಅಲ್ಲಿ ಹೋಟೆಲುಗಳ ಊರನ್ನೇ ಕಟ್ಟುವುದೆಂದು ಮೆಕ್ಸಿಕೋ ಸರ್ಕಾರ ತೀರ್ಮಾನಿಸಿ 1970ರ ಸುಮಾರಿಗೆ ಕೆಲಸ ಶುರುಮಾಡಿತು. 1974ರಲ್ಲಿ ಮೊದಲ ಹೋಟೆಲುಗಳು ಬಾಗಿಲು ತೆರೆದವು. ಹಾಗಾಗಿ ಮಾವ ಎರಡನೆಯ ದಿನ "ಇಲ್ಲಿ ನೋಡೋದು ಏನಿದೆ?" ಎಂದು ಕೇಳಿಯೇ ಕೇಳುತ್ತಾರೆ. ಅದನ್ನು ಗೊಣಗಾಟ ಎಂದುಕೊಳ್ಳಬೇಡಿ.

ನೋಡುವುದು ಇದೆ. ಮಾವ ಕೇಳಿದಂಥ ಮಾಯಾ ದೇವಸ್ಥಾನವಿರುವ ಚಿಚೆನ್ ಇತ್ಸಾ ಅಲ್ಲಿಂದ ಸುಮಾರು 200 ಕಿಲೋಮೀಟರ್, ಕಾರಿನಲ್ಲಿ ಎರಡೂವರೆ ಗಂಟೆ. ದೂರ ಎಂದರೆ ದೂರ, ಆದರೆ ಸಾಗರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಅದು ದೊಡ್ಡ ವಿಷಯವಲ್ಲ. ಮಂಡಿ ನೋವಿನ ಮಾತಂತೂ ಅಲ್ಲಿ ನಿಲ್ಲುವುದೇ ಇಲ್ಲ. ಅಲ್ಲಿಯ ಪಿರಮಿಡ್ ಆಕಾರದ ದೇವಸ್ಥಾನ ಹತ್ತಲು ಯಾರಿಗೂ ಬಿಡದೆ ಹದಿನೈದು ವರ್ಷಕ್ಕೂ ಮೇಲಾಯಿತು. ಇಪ್ಪತ್ತರ ಹುಡುಗರೂ ಮಾವನ ಪಕ್ಕದಲ್ಲೇ, ಕೆಳಗೆ ನಿಂತು ತಲೆ ಎತ್ತಿ ನೋಡಬೇಕು. ಜಾಗ ಬಹುಮಟ್ಟಿಗೆ ಸಮತಟ್ಟು. ನಿಜವಾಗಿ ಹೆದರಬೇಕಾದದ್ದು ಬಿಸಿಲಿಗೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದರೆ ಪ್ರವಾಸಿ ಬಸ್ಸುಗಳು ಬರುವುದರೊಳಗೆ ಮುಗಿಸಿಕೊಂಡು ನೆರಳಿಗೆ ಬರಬಹುದು. ಟೋಪಿ, ನೀರು, ಮಾವನ ಕೊಡೆ.

ಗಣಿತದ ಮೇಷ್ಟ್ರಿಗೆ ಆ ಕಟ್ಟಡ ಬರೀ ಕಲ್ಲಿನ ರಾಶಿಯಾಗಿ ಕಾಣುವುದಿಲ್ಲ. ನಾಲ್ಕು ಪಕ್ಕಕ್ಕೂ ತಲಾ 91 ಮೆಟ್ಟಿಲು, ಮೇಲಿನ ಜಗಲಿಯದು ಒಂದು. ಕೂಡಿದರೆ ವರ್ಷದ ದಿನಗಳು. ಮಾಯಾ ಜನರಿಗೆ ಸೊನ್ನೆ ಗೊತ್ತಿತ್ತು, ಅದನ್ನು ಚಿಪ್ಪಿನ ಆಕಾರದಲ್ಲಿ ಬರೆಯುತ್ತಿದ್ದರು. ಒಂದಕ್ಕೆ ಚುಕ್ಕಿ, ಐದಕ್ಕೆ ಅಡ್ಡ ಗೀಟು. ನಾವು ಹತ್ತರ ಗುಂಪಿನಲ್ಲಿ ಎಣಿಸಿದರೆ ಅವರದು ಇಪ್ಪತ್ತರ ಗುಂಪು. ಇಷ್ಟನ್ನು ನಿಮ್ಮ ಮಗನಿಗೆ ಹೇಳಿಕೊಡಿ ಎಂದು ಮಾವನಿಗೆ ಈಗಲೇ ಒಪ್ಪಿಸಿ. ಹೊರಡುವುದರೊಳಗೆ ಮನೆಯ ಹಳೆಯ ಲಕೋಟೆಗಳ ಹಿಂಬದಿಯೆಲ್ಲ ಚುಕ್ಕಿ ಗೀಟುಗಳಿಂದ ತುಂಬದಿದ್ದರೆ ಕೇಳಿ. "ಮಾಯಾ ಜನರ" ಎಂದು ಮಾವ ಯಾರೋ ಆಗಿಹೋದವರ ಮಾತೆತ್ತಿದಂತೆ ಕೇಳಿದ್ದಾರೆ, ಆದರೆ ಆ ಜನ ಎಲ್ಲಿಗೂ ಹೋಗಿಲ್ಲ. ಯುಕತಾನ್ ಸೀಮೆಯಲ್ಲಿ ಇವತ್ತಿಗೂ ಲಕ್ಷಾಂತರ ಮಂದಿ ಮನೆಯಲ್ಲಿ ಮಾಯಾ ಭಾಷೆ ಆಡುತ್ತಾರೆ. ನಿಮ್ಮ ರೂಮಿನ ಹಾಸಿಗೆ ಸರಿಮಾಡುವವರೂ ಅವರಲ್ಲೊಬ್ಬರಿರಬಹುದು. ಮಾವ ಊರು, ಮಳೆ, ಬೆಳೆ ಎಂದು ವಿಚಾರಿಸಲು ಹೊರಟರೆ ತಡೆಯಬೇಡಿ.

ಆ ದಿನ ಆರೂ ಜನ ಹೋಗಬೇಕಿಲ್ಲ. ಮಾವ, ನಿಮ್ಮ ಯಜಮಾನರು, ಮನಸ್ಸಿದ್ದರೆ ಮಗ. ಗಾಡಿಯ ಬಾಡಿಗೆ ಮಾವ ಕೊಡಲಿ. ನಾನು ಹೇಳಿದ ಖರ್ಚು ಇದೇ. ಅಷ್ಟು ದೂರ ಬೇಡವೆನಿಸಿದರೆ ಹೋಟೆಲುಗಳಿರುವ ದಡದಲ್ಲೇ 2012ರಲ್ಲಿ ತೆರೆದ ಮಾಯಾ ಮ್ಯೂಸಿಯಂ ಇದೆ. ಒಳಗೆ ತಂಪು, ಟಿಕೆಟ್ಟಿನಲ್ಲೇ ಪಕ್ಕದ ಸಾನ್ ಮಿಗೆಲಿತೋ ಎಂಬ ಚಿಕ್ಕ ಅವಶೇಷಗಳ ತೋಪನ್ನೂ ನೋಡಬಹುದು. ಅರ್ಧ ದಿನ ಸಾಕು.

ಈಗ ಒಲೆ. ಇದನ್ನು ನೀವು ಹಸಿವಿನ ಪ್ರಶ್ನೆ ಅಂದುಕೊಂಡಿರಿ. ನನಗನ್ನಿಸುವುದು, ಐವತ್ತು ವರ್ಷ ಬೆಳಿಗ್ಗೆ ಎದ್ದು ಒಲೆ ಹಚ್ಚಿದ ಅತ್ತೆ "ನಾಲ್ಕು ದಿನ ನಾನು ಅಲ್ಲಿ ಏನು ಮಾಡಿಕೊಂಡಿರಲಿ?" ಎಂಬುದನ್ನು ಆ ರೀತಿ ಕೇಳಿದ್ದಾರೆ. ನಿಮಗೆ ಕೈ ಖಾಲಿ ಇರುವುದು ಸುಖ, ಅವರಿಗೆ ಅದು ದಿಕ್ಕು ತೋಚದ ಸ್ಥಿತಿ. ರೂಮಿನಲ್ಲಿ ಒಲೆ ಇರುವುದಿಲ್ಲ. ಸಾಮಾನ್ಯವಾಗಿ ಕಾಫಿ ಮಷಿನ್ನು, ಚಿಕ್ಕ ಫ್ರಿಜ್ಜು ಇರುತ್ತದೆ. ಒಂದು ಎಲೆಕ್ಟ್ರಿಕ್ ಕೆಟಲ್ ತಗೊಂಡು ಹೋಗಿ, ಅಲ್ಲಿಯ ಪ್ಲಗ್ಗೂ ನಿಮ್ಮ ಮನೆಯದೇ ಥರ. ಕಾಫಿ ಫಿಲ್ಟರ್, ಸೀಲ್ ಮಾಡಿದ ಕಾಫಿಪುಡಿ. ಬೆಳಗಿನ ಕಾಫಿ ಅತ್ತೆಯ ರೂಮಿನ ಬಾಲ್ಕನಿಯಲ್ಲಿ, ಅವರ ಕೈಯಲ್ಲೇ ಎಂದು ನಿಗದಿ ಮಾಡಿಬಿಡಿ. ರೂಮಿನಲ್ಲಿ ಹಾಲು ಸಿಗದಿದ್ದರೆ ಬಫೆಯಿಂದ ಒಂದು ಲೋಟ ತಂದಿಟ್ಟುಕೊಳ್ಳಿ. ಬಿಸಿನೀರಿದ್ದರೆ ಅವಲಕ್ಕಿಯೂ ಆಗುತ್ತದೆ, ಪೊಟ್ಟಣದ ಉಪ್ಪಿಟ್ಟೂ ಆಗುತ್ತದೆ. ಆದರೆ ಅಂಗಡಿಯ ಸೀಲ್ ಒಡೆಯದ ಪೊಟ್ಟಣಗಳನ್ನಷ್ಟೇ ಒಯ್ಯಿರಿ. ಮನೆಯಲ್ಲಿ ಮಾಡಿ ಡಬ್ಬಿ ತುಂಬಿದ್ದು, ಹಸಿ ಹಣ್ಣು, ತರಕಾರಿ, ಬೀಜ ಇವನ್ನು ಅಲ್ಲಿಯ ಕಸ್ಟಮ್ಸ್‌ನವರು ಬಿಡುವುದಿಲ್ಲ. ಅತ್ತೆಯ ಅಪ್ಪೆಮಿಡಿ ಜಾಡಿ ಡಲ್ಲಾಸ್‌ನಲ್ಲೇ ಇರಲಿ, ಆ ಉಪ್ಪಿನಕಾಯಿ ಇನ್ನೊಬ್ಬರ ಕಸದ ಡಬ್ಬಿ ಸೇರುವುದನ್ನು ಅವರು ಸಹಿಸಲಾರರು.

ಬಫೆಯಲ್ಲಿ ಎಚ್ಚರ ಬೇಕಾದದ್ದು ಮಾಂಸದ ತಟ್ಟೆಗಳ ಬಗ್ಗೆ ಅಲ್ಲ, ಅವು ಕಣ್ಣಿಗೇ ಕಾಣುತ್ತವೆ. ಮೋಸ ಹೋಗುವುದು ಅನ್ನ ಮತ್ತು ಕಾಳಿನಲ್ಲಿ. ಅರೆದು ಹುರಿದ ಬೀನ್ಸ್ ಕಾಳು, ಅವರ ಫ್ರಿಹೋಲೆಸ್, ನೋಡಲು ನಮ್ಮವರಿಗೆ ಒಗ್ಗುವ ಹಾಗೇ ಇರುತ್ತದೆ. ಅದಕ್ಕೆ ಹಂದಿ ಕೊಬ್ಬು ಹಾಕುವುದು ರೂಢಿ. ಕೆಂಪಗಿನ ಅನ್ನವನ್ನು ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ತಮಾಲೆ ಎಂಬ ತಿನಿಸಿನಲ್ಲೂ ಕೊಬ್ಬು, ಗೋಧಿ ತೋರ್ತಿಯಾದಲ್ಲೂ ಕೆಲವೊಮ್ಮೆ. ಬರೀ ವೆಜಿಟೇರಿಯನ್ ಎಂದರೆ ಮೀನು ತರುವವರಿದ್ದಾರೆ. ಒಂದು ಚೀಟಿಯಲ್ಲಿ ಬಿಡಿಸಿ ಬರೆಯಿರಿ: ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಪೆಸ್ಕಾದೋ, ಸಿನ್ ವೇವೋ, ಸಿನ್ ಮಾಂತೇಕಾ, ಸಿನ್ ಕಾಲ್ದೋ ದೆ ಪೋಯೋ. ಮಾಂಸ, ಕೋಳಿ, ಮೀನು, ಮೊಟ್ಟೆ, ಹಂದಿ ಕೊಬ್ಬು, ಕೋಳಿ ಸಾರು ಯಾವುದೂ ಬೇಡ. ಮೊದಲ ಸಂಜೆಯೇ ಅದನ್ನು ಅಡುಗೆಮನೆಯ ಮುಖ್ಯಸ್ಥರ ಕೈಗೆ ಕೊಡಿ. ಅಮೆರಿಕದ ಭಾರತೀಯರ ಮದುವೆಗಳು ಆ ಕರಾವಳಿಯ ರೆಸಾರ್ಟುಗಳಲ್ಲಿ ಬೇಕಾದಷ್ಟು ನಡೆಯುತ್ತವೆ, ಹಾಗಾಗಿ ನಿಮ್ಮ ಬೇಡಿಕೆ ಅವರಿಗೆ ಹೊಸದಾಗಿರಲಿಕ್ಕಿಲ್ಲ.

ಧೈರ್ಯವಾಗಿ ತಿನ್ನಬಹುದಾದದ್ದು ಮುಸುಕಿನ ಜೋಳದ ತೋರ್ತಿಯಾ. ಅನೇಕ ಬಫೆಗಳಲ್ಲಿ ಒಂದು ಮೂಲೆಯಲ್ಲಿ ಅದನ್ನು ಅಲ್ಲೇ ತಟ್ಟಿ ಬೇಯಿಸಿಕೊಡುತ್ತಾರೆ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ರುಬ್ಬಿದ ಹಿಟ್ಟು. ಉಂಡೆ ಮಾಡಿ ಒತ್ತಿ, ಕಾದ ಹೆಂಚಿಗೆ ಹಾಕಿ, ಅಂಚು ಎದ್ದೊಡನೆ ಬರಿಗೈಯಲ್ಲೇ ಮಗುಚುತ್ತಾರೆ. ಎರಡನೆಯ ಸಲ ಮಗುಚಿದಾಗ ಒಳ್ಳೆಯ ಕೈಯದಾದರೆ ಉಬ್ಬುತ್ತದೆ. ಅತ್ತೆಯನ್ನು ಅಲ್ಲಿ ಬಿಟ್ಟು ಬನ್ನಿ. ಸುಣ್ಣ ಯಾಕೆ ಎಂದು ಅವರು ಕೇಳದೆ ಇರುವುದಿಲ್ಲ, ಉತ್ತರ ಹೇಳಲು ನಿಮ್ಮ ಮಗಳು ಪಕ್ಕದಲ್ಲಿರಲಿ. ಟೆಕ್ಸಸ್ ಶಾಲೆಯ ಹುಡುಗಿಗೆ ನಾಲ್ಕು ಮಾತು ಸ್ಪ್ಯಾನಿಷ್ ಬಂದೇ ಇರುತ್ತದೆ. ಬಫೆಯಲ್ಲಿ ಅಜ್ಜಿಗೆ ತಿನಿಸುಗಳ ಹೆಸರಿನ ಚೀಟಿ ಓದಿ ಹೇಳುವುದು ಅವಳ ಕೆಲಸ ಎಂದು ಗೊತ್ತುಮಾಡಿ. ಬೀಚಿನಲ್ಲಿ ನಾಚುವ ಮೊಮ್ಮಗಳಿಗೆ ಅಜ್ಜಿಯ ಜೊತೆ ಹೆಮ್ಮೆಯಿಂದ ನಿಲ್ಲುವ ಒಂದು ಜಾಗವಾದರೂ ಸಿಗುತ್ತದೆ. ಜೊತೆಗೆ ಬೆಣ್ಣೆಹಣ್ಣಿನ ಗ್ವಾಕಮೋಲೆ, ಹಸಿ ಟೊಮೆಟೊ ಈರುಳ್ಳಿಯ ಸಾಲ್ಸಾ, ಪಪ್ಪಾಯಿ, ಅನಾನಸು, ಹುಣಸೆಯ ಪಾನಕ. ಆಬಾನೆರೋ ಎಂಬ ಮೆಣಸಿನಕಾಯಿಯ ಚಟ್ನಿಯನ್ನು ಮಾವ ಪಂಥಕ್ಕೆ ತಿನ್ನದಂತೆ ನೋಡಿಕೊಳ್ಳಿ. ಇಷ್ಟಾದ ಮೇಲೂ ಅವರು ಬ್ರೆಡ್ಡು, ಬಾಳೆಹಣ್ಣೇ ತಿಂದರೆ ತಿನ್ನಲಿ. ನಾಲ್ಕು ದಿನಕ್ಕೆ ಯಾರೂ ಬಡವಾಗುವುದಿಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಜುಡುಗೆ ಹಾಕಿಕೊಳ್ಳಿ, ನೀರಿನಿಂದ ಎದ್ದಾಗ ಮೇಲೊಂದು ಸಡಿಲ ಅಂಗಿ ಇರಲಿ. ಮೊದಲ ಅರ್ಧ ಗಂಟೆ ಮುಜುಗರ, ಆಮೇಲೆ ಅಲ್ಲಿರುವ ನೂರಾರು ಜನರ ನಡುವೆ ನೀವೂ ಒಬ್ಬರು. ಮಗಳಿಗೆ ಏನು ಹಾಕಬೇಕು, ಬೇಡ ಎಂದು ಹೇಳುವುದಿದ್ದರೆ ಅಮ್ಮನಾಗಿ ನೀವು ಹೇಳಿ. "ಅಜ್ಜಿ ಏನಂದ್ಕೋತಾರೆ" ಎಂದು ಅತ್ತೆಯ ಹೆಗಲಿಗೆ ಹೊರಿಸಬೇಡಿ, ಅವರು ಏನೂ ಅಂದುಕೊಳ್ಳದೆಯೂ ಇರಬಹುದು. ಅತ್ತೆ ಸೀರೆ ಎತ್ತಿ ಕಟ್ಟಿ ಅಲೆಯಲ್ಲಿ ಕಾಲು ತೋಯಿಸಲಿ. ಈಜುಕೊಳಕ್ಕೆ ಇಳಿಯಲು ಮಾತ್ರ ಈಜಿನ ಬಟ್ಟೆಯೇ ಬೇಕೆನ್ನುತ್ತಾರೆ. ರಾತ್ರಿಯ ಕೆಲವು ರೆಸ್ಟೋರೆಂಟುಗಳಲ್ಲಿ ಗಂಡಸರಿಗೆ ಪೂರ್ತಿ ಪ್ಯಾಂಟಿನ ನಿಯಮವಿರುತ್ತದೆ, ಮಾವನದೊಂದು ಪ್ಯಾಂಟು ಪೆಟ್ಟಿಗೆಯಲ್ಲಿರಲಿ. ಬೆಳಗಿನ ನಡಿಗೆಗೆ ಪಂಚೆಯಲ್ಲೇ ಹೋಗಲಿ, ಎಷ್ಟು ದೂರವಾದರೂ ಹೋಗಲಿ. ಮೆಕ್ಸಿಕೋದ ಕಾನೂನಿನಲ್ಲಿ ಬೀಚು ಯಾವ ಹೋಟೆಲಿನ ಸ್ವತ್ತೂ ಅಲ್ಲ, ಸಾರ್ವಜನಿಕರದು. ನೀರಿಗಿಳಿಯುವ ಮುಂಚೆ ಬಾವುಟದ ಬಣ್ಣ ನೋಡಿ. ಕೆಂಪಿದ್ದರೆ ಇಳಿಯುವ ಮಾತಿಲ್ಲ. ಆ ಪೂರ್ವದ ದಡದಲ್ಲಿ ಸೆಳೆತ ಜೋರು, ಹೊಳೆಯಲ್ಲಿ ಈಜಿದವರ ಧೈರ್ಯ ಅಲ್ಲಿ ನಡೆಯುವುದಿಲ್ಲ. ಹಿಂದಿನ ಹಿನ್ನೀರಿನಲ್ಲಿ ಮೊಸಳೆಗಳಿವೆ ಎಂಬುದನ್ನು ಮಗನಿಗೆ ಹೇಳಿಡಿ.

"ಅಲ್ಲಿ ಹೋದರೆ ಇವರನ್ನು ಹಿಡಿಯುವವರಿಲ್ಲ" ಎಂಬ ನಿಮ್ಮ ಮಾತಿನ ಬಳಿ ನಾನು ನಿಂತೆ. ಇದರಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು, ಮಾವನಿಗೆ ಗೊತ್ತಾಗುತ್ತದಲ್ಲ ಎಂಬುದು. ಅದು ಅಪ್ಪ ಮಗನ ನಡುವಿನ ವ್ಯವಹಾರ. ಈಜುಕೊಳದ ನಡುವೆಯೇ ಬಾರ್ ಇರುವ, ಕೇಳದಿದ್ದರೂ ಟ್ರೇ ಹಿಡಿದು ಬರುವ ಜಾಗದಲ್ಲಿ ಬಚ್ಚಿಡುವುದು ಆಗದ ಕೆಲಸ. ಕುಡಿಯುವುದಾದರೆ ಹೇಳಿ ಕುಡಿಯಲಿ, ಹೇಳಲಾಗದಿದ್ದರೆ ನಾಲ್ಕು ದಿನ ಬಿಡಲಿ. ಎರಡರಲ್ಲಿ ಒಂದನ್ನು ಅವರೇ ಆರಿಸಲಿ. ನೀವು ಕಾವಲು ನಿಲ್ಲಬೇಡಿ, ಗ್ಲಾಸು ಮರೆಮಾಡುವ ಕೆಲಸವನ್ನಂತೂ ಒಪ್ಪಿಕೊಳ್ಳಲೇಬೇಡಿ.

ಎರಡನೆಯದು, ಎಷ್ಟು ಕುಡಿಯುತ್ತಾರೆ ಎಂಬ ನಿಮ್ಮದೇ ಹೆದರಿಕೆ. ಅದಕ್ಕೂ ರೆಸಾರ್ಟಿಗೂ ಸಂಬಂಧ ಕಡಿಮೆ. ಡಲ್ಲಾಸ್‌ನ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ, ಹೊರಡುವ ಮೊದಲೇ ಆಡಬೇಕಾದ ಮಾತು ಇದು. ಎರಡೇ ಷರತ್ತು ಕೇಳಿ: ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಅವರನ್ನು ನೋಡಿಕೊಳ್ಳುವವರು ಕುಡಿದಿರಬಾರದು, ಅಪ್ಪನನ್ನು ಕರೆದುಕೊಂಡು ಹೋಗುವ ದಿನ ಮತ್ತು ಅದರ ಹಿಂದಿನ ರಾತ್ರಿ ಒಂದು ಹನಿಯೂ ಇಲ್ಲ. ಹೂಂ ಎಂದು ಹಾಗೇ ನಡೆದುಕೊಂಡರೆ ನಿಮ್ಮ ಭಯ ಸ್ವಲ್ಪ ಕರಗುತ್ತದೆ. ಇಷ್ಟಕ್ಕೂ ಜಗಳವಾದರೆ, ಅಥವಾ ಒಪ್ಪಿಯೂ ಮುರಿದರೆ, ಆಗ ಅದನ್ನು ಪ್ರವಾಸದ ಸಮಸ್ಯೆ ಎಂದು ಬಗೆಯದೆ ನಿಮ್ಮ ವೈದ್ಯರ ಹತ್ತಿರ ಇಬ್ಬರೂ ಹೋಗಿ ಮಾತಾಡಿ.

ನಿಮ್ಮ ಪಾಲಿನ ರಜೆಯ ಮಾತು ಉಳಿಯಿತು. ಆರೂ ಜನ ಬೆಳಗಿನಿಂದ ರಾತ್ರಿಯವರೆಗೆ ಒಟ್ಟಿಗೇ ಇರಬೇಕೆಂಬ ಹಟ ಬಿಡಿ. ಎರಡು ರೂಮು, ಅಕ್ಕಪಕ್ಕದಲ್ಲಿ, ಲಿಫ್ಟಿಗೆ ಹತ್ತಿರ. ರಾತ್ರಿ ಊಟ ಎಲ್ಲರೂ ಕೂಡಿ, ಉಳಿದದ್ದು ಅವರವರಿಗೆ ಬಂದ ಹಾಗೆ. ಏಳು ವರ್ಷದವನಿಗೆ ಮಕ್ಕಳ ಕ್ಲಬ್ ಇರುತ್ತದೆ. ಒಂದು ಬೆಳಿಗ್ಗೆ ಪೂರ್ತಿ ನಿಮ್ಮೊಬ್ಬರದೇ ಆಗಿರಲಿ, ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಬೇಡಿ, ತಿಳಿಸಿದರೆ ಸಾಕು.

ಇನ್ನೊಂದು ಎಚ್ಚರಿಕೆ. ಕ್ಯಾನ್‌ಕೂನ್ ವಿಮಾನ ನಿಲ್ದಾಣದಲ್ಲಿ ಸಾಮಾನು ತಗೊಂಡು ಹೊರಬರುವ ದಾರಿಯಲ್ಲಿ ಸಮವಸ್ತ್ರದಂಥ ಅಂಗಿ ತೊಟ್ಟವರು "ಟ್ಯಾಕ್ಸಿಯಾ, ಯಾವ ಹೋಟೆಲು?" ಎಂದು ಅಧಿಕಾರಿಗಳ ಧಾಟಿಯಲ್ಲಿ ಕರೆಯುತ್ತಾರೆ. ಅವರಲ್ಲಿ ಬಹಳ ಜನ ಟೈಮ್‌ಶೇರ್, ಅಂದರೆ ರಜಾಮನೆಯ ಪಾಲು, ಮಾರುವವರು. ಮಾವ ಮರ್ಯಾದೆಗೆ ನಿಂತು ಉತ್ತರಿಸುವ ಜಾಯಮಾನದವರೆಂದು ಕಾಣುತ್ತದೆ, ಕೈ ಹಿಡಿದು ನಡೆಸಿಕೊಂಡು ಬನ್ನಿ. ರೆಸಾರ್ಟಿನಲ್ಲೂ ಉಚಿತ ತಿಂಡಿಗೆ ಬನ್ನಿ, ಒಂದೂವರೆ ಗಂಟೆ ಸಾಕು ಎಂದು ಕರೆದರೆ ಬೇಡವೆನ್ನಿ, ಅರ್ಧ ದಿನ ಹೋಗುತ್ತದೆ.

ಕೊನೆಗೆ ಕಾಗದಪತ್ರ. ಅತ್ತೆ, ಮಾವನ ಪಾಸ್‌ಪೋರ್ಟಿನಲ್ಲಿ ಅವಧಿ ಇರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಆದರೆ ಅದು ಹಲವು ಸಲ ಪ್ರವೇಶಕ್ಕೆ ಕೊಟ್ಟದ್ದೇ ಎಂದು ನೋಡಿ, ವಾಪಸು ಬರಬೇಕಲ್ಲ. ನೀವಿಬ್ಬರೂ ಎಚ್-1ಬಿ ವೀಸಾದಲ್ಲಿದ್ದು ಪಾಸ್‌ಪೋರ್ಟಿನ ಸ್ಟಾಂಪ್ ಮುಗಿದಿದ್ದರೆ ಬರೀ ಐ-797 ಅನುಮೋದನೆ ಕಾಗದ ಹಿಡಿದು ಮೆಕ್ಸಿಕೋ ಒಳಗೆ ಹೋಗಲಾಗದು, ಆಗ ಅವರ ಕಾನ್ಸುಲೇಟಿನಿಂದ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದರೆ ಈ ಚಿಂತೆಯಿಲ್ಲ. ಅತ್ತೆ ಮಾವನಿಗೆ ಅಮೆರಿಕಕ್ಕೆಂದು ಮಾಡಿಸಿದ ವಿಮೆ ಮೆಕ್ಸಿಕೋದಲ್ಲಿ ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿ. ಮಾತ್ರೆಗಳೆಲ್ಲ ಕೈಚೀಲದಲ್ಲಿ, ಡಾಕ್ಟರ ಚೀಟಿಯ ಸಮೇತ. ಮಕ್ಕಳು ಅಮೆರಿಕದಲ್ಲಿ ಹುಟ್ಟಿದವರಾದರೆ ಅವರ ಪಾಸ್‌ಪೋರ್ಟನ್ನು ಇವತ್ತು ರಾತ್ರಿಯೇ ತೆಗೆದು ನೋಡಿ. ಹದಿನಾರರ ಒಳಗಿನವರಿಗೆ ಅಮೆರಿಕದ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. ಮಗನದು ಎರಡು ವರ್ಷದವನಿದ್ದಾಗ ಮಾಡಿಸಿದ್ದಾದರೆ ಅದರ ಅವಧಿ ಮುಗಿದಿರಬಹುದು. ಹೊಸದು ಕೈಗೆ ಬರಲು ವಾರಗಳೇ ಹಿಡಿಯುತ್ತವೆ.